ಸಿಂಗಪುರದಲ್ಲಿ ಒಂದು ದಿನದ ಸುತ್ತಾಟ, ಊಟ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಿಂದ ನೇರ ವಿಮಾನ ಹತ್ತಿದರೆ ಸಿಂಗಪುರಕ್ಕೆ ನಾಲ್ಕೂವರೆ ಗಂಟೆಯ ಆಸುಪಾಸು. ಹಾಗಾಗಿ ಬಾಲಿಗೋ ಆಸ್ಟ್ರೇಲಿಯಾಕ್ಕೋ ಹೋಗುವವರು ದಾರಿಯಲ್ಲಿ ಒಂದು ದಿನ ಇಲ್ಲಿ ಇಳಿದು ನೋಡಿಕೊಂಡು ಹೋಗೋಣ ಅಂದುಕೊಳ್ಳುತ್ತಾರೆ. ಅಂಥವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಟಿಕೆಟ್ ಕೊಟ್ಟು ನೋಡುವ ಜಾಗಗಳ ಬಗ್ಗೆ ಇಲ್ಲಿ ಕಮ್ಮಿ, ತಿನ್ನುವುದರ ಬಗ್ಗೆ ಜಾಸ್ತಿ. ಅದು ಬೇಕಂತಲೇ.

ಒಂದೇ ದಿನ ಸಾಕಾಗುತ್ತಾ?

ಏನನ್ನು ಬಿಡಲು ತಯಾರಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ. ಸೆಂಟೋಸಾ ದ್ವೀಪ, ಯೂನಿವರ್ಸಲ್ ಸ್ಟುಡಿಯೋಸ್, ಮೃಗಾಲಯ, ನೈಟ್ ಸಫಾರಿ: ಇವುಗಳಲ್ಲಿ ಯಾವುದಕ್ಕೆ ಕಾಲಿಟ್ಟರೂ ದಿನ ಮುಗಿಯಿತು. ಮಕ್ಕಳು ಹಟ ಹಿಡಿದರೆ ಬೇರೆ ಮಾತು. ಇಲ್ಲದಿದ್ದರೆ ಇವನ್ನೆಲ್ಲ ಮುಂದಿನ ಸಲಕ್ಕೆ ಬಿಡಿ. ಊರನ್ನು ನೋಡಬೇಕು, ಊರಿನ ಊಟ ತಿನ್ನಬೇಕು ಅಂದರೆ ಒಂದು ದಿನ ಚೆನ್ನಾಗಿಯೇ ಸಾಕು.

ಎಲ್ಲಿಂದ ಶುರು ಮಾಡಿ ಎಲ್ಲಿಗೆ ಮುಗಿಸಬೇಕು?

ಮೆಟ್ರೋ ನಕ್ಷೆಯಲ್ಲಿ ನೀಲಿ ಬಣ್ಣದ ಗೆರೆ ಹುಡುಕಿ. ಅದು ಡೌನ್‌ಟೌನ್ ಲೈನ್. ಬೊಟಾನಿಕ್ ಗಾರ್ಡನ್ಸ್, ಲಿಟ್ಲ್ ಇಂಡಿಯಾ, ಬೂಗಿಸ್, ಬೇಫ್ರಂಟ್, ತೆಲೊಕ್ ಆಯೆರ್, ಚೈನಾಟೌನ್, ಎಲ್ಲವೂ ಅದೇ ಗೆರೆಯ ಮೇಲೆ ಇದೇ ಸಾಲಿನಲ್ಲಿ ಸಿಗುತ್ತವೆ. ಒಂದು ದಿನಕ್ಕೆ ಬಂದವರಿಗೆ ಅಂತಲೇ ಹಾಕಿದ ಲೈನು ಅನ್ನಿಸುತ್ತದೆ. ಬೆಳಿಗ್ಗೆ ತೋಟ, ಆಮೇಲೆ ಲಿಟ್ಲ್ ಇಂಡಿಯಾ, ಅಲ್ಲಿಂದ ಬೂಗಿಸ್ ಸುತ್ತಮುತ್ತ, ಮಧ್ಯಾಹ್ನ ಚೈನಾಟೌನಿನಲ್ಲಿ ಊಟ, ಸಂಜೆ ಬೇಫ್ರಂಟ್, ರಾತ್ರಿ ಊಟಕ್ಕೆ ತೆಲೊಕ್ ಆಯೆರ್. ರೈಲು ಬದಲಿಸುವ ತಲೆನೋವೇ ಇಲ್ಲ.

ಚಾಂಗಿ ವಿಮಾನ ನಿಲ್ದಾಣದಿಂದ ಬರುವವರು ಒಂದೇ ಸ್ಟಾಪ್ ದಾಟಿ ಎಕ್ಸ್‌ಪೋದಲ್ಲಿ ಇಳಿದರೆ ಇದೇ ನೀಲಿ ಲೈನು ಸಿಗುತ್ತದೆ.

ರೈಲಿಗೆ ಪಾಸ್ ಕೊಳ್ಳಬೇಕಾ?

ಒಂದು ದಿನಕ್ಕೆ ಬೇಡ. ಟ್ಯಾಪ್ ಮಾಡಿ ಹಣ ಕೊಡುವ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಇದ್ದರೆ ಗೇಟಿಗೆ ತಾಗಿಸಿ ಒಳಗೆ ಹೋಗಿ, ಇಳಿಯುವಾಗ ಮತ್ತೆ ತಾಗಿಸಿ. ಬಸ್ಸಿಗೂ ಅದೇ ಕಾರ್ಡ್. ಹೊರದೇಶದ ಕಾರ್ಡಿಗೆ ಅಂತ ಸಣ್ಣ ಶುಲ್ಕ ಹಿಡಿಯುತ್ತಾರೆ. ಒಬ್ಬರಿಗೆ ಒಂದು ಕಾರ್ಡ್ ಬೇಕು, ಗಂಡನ ಕಾರ್ಡಿನಲ್ಲಿ ಹೆಂಡತಿ ಹಿಂದೆ ನುಗ್ಗುವ ಹಾಗಿಲ್ಲ. ಹೊರಡುವ ಮೊದಲು ಬ್ಯಾಂಕ್ ಆ್ಯಪ್‌ನಲ್ಲಿ ವಿದೇಶಿ ಬಳಕೆಯನ್ನು ಆನ್ ಮಾಡಿಕೊಳ್ಳಿ.

ವೀಸಾ?

ಭಾರತದ ಪಾಸ್‌ಪೋರ್ಟಿಗೆ ವೀಸಾ ಬೇಕು. ಮೊದಲೇ, ಅಧಿಕೃತ ಏಜೆಂಟರ ಮೂಲಕ ಮಾಡಿಸಬೇಕು. ಬೇರೆ ದೇಶಕ್ಕೆ ಹೋಗುವ ದಾರಿಯಲ್ಲಿ ಇಳಿಯುವವರಿಗೆ 96 ಗಂಟೆಯ ವೀಸಾರಹಿತ ಟ್ರಾನ್ಸಿಟ್ ಸೌಲಭ್ಯವಿದೆ. ಆದರೆ ಅದಕ್ಕೆ ಕೆಲವು ನಿರ್ದಿಷ್ಟ ದೇಶಗಳ ವೀಸಾ ಇರಲೇಬೇಕು ಅನ್ನುವಂಥ ಷರತ್ತುಗಳಿವೆ, ಓದಿ ನೋಡಿ. ಇದಲ್ಲದೆ ಎಸ್‌ಜಿ ಅರೈವಲ್ ಕಾರ್ಡ್ ಅನ್ನುವ ಆನ್‌ಲೈನ್ ಅರ್ಜಿಯನ್ನು ತಲುಪುವುದಕ್ಕೆ ಮುಂಚಿನ ಮೂರು ದಿನದೊಳಗೆ ತುಂಬಬೇಕು. ಸರ್ಕಾರಿ ಜಾಲತಾಣದಲ್ಲಿ ಅದು ಉಚಿತ. ದುಡ್ಡು ಕೇಳಿದರೆ ನೀವು ಯಾವುದೋ ಬೇರೆ ತಾಣಕ್ಕೆ ಹೋಗಿದ್ದೀರಿ ಅಂತ ಅರ್ಥ.

ಬೆಳಿಗ್ಗೆ ಎಷ್ಟು ಬೇಗ ಹೊರಡಬಹುದು?

ಸಮಭಾಜಕ ವೃತ್ತಕ್ಕೆ ಅಂಟಿಕೊಂಡ ಊರು ಇದು. ವರ್ಷವಿಡೀ ಬೆಳಿಗ್ಗೆ ಏಳರ ಸುಮಾರಿಗೆ ಸೂರ್ಯ ಹುಟ್ಟುತ್ತಾನೆ, ಸಂಜೆ ಏಳರ ಸುಮಾರಿಗೆ ಮುಳುಗುತ್ತಾನೆ. ನಮ್ಮ ಗಡಿಯಾರಕ್ಕಿಂತ ಎರಡೂವರೆ ಗಂಟೆ ಮುಂದು. ಏಳಕ್ಕೆ ಬೊಟಾನಿಕ್ ಗಾರ್ಡನ್ಸ್ ಒಳಗಿರಿ. ಬೆಳಿಗ್ಗೆ ಐದಕ್ಕೇ ತೆರೆಯುತ್ತಾರೆ, ಒಳಗೆ ಹೋಗಲು ಹಣವಿಲ್ಲ.

1859ರಲ್ಲಿ ಶುರುವಾದ ತೋಟ ಇದು, 2015ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಬರೀ ವಾಕಿಂಗ್ ಜಾಗ ಅಂದುಕೊಳ್ಳಬೇಡಿ. 1877ರಲ್ಲಿ ಲಂಡನ್ನಿನ ಕ್ಯೂ ತೋಟದಿಂದ ರಬ್ಬರ್ ಸಸಿಗಳು ಇಲ್ಲಿಗೆ ಬಂದವು. 1888ರಲ್ಲಿ ತೋಟದ ಉಸ್ತುವಾರಿಗೆ ಬಂದ ಹೆನ್ರಿ ರಿಡ್ಲಿ ಅನ್ನುವವರು ಮರವನ್ನು ಸಾಯಿಸದೆ ಹಾಲು ಇಳಿಸುವ ವಿಧಾನ ಕಂಡುಹಿಡಿದರು. ಮಲಯದ, ಅಂದರೆ ಈಗಿನ ಮಲೇಷ್ಯಾ ಕಡೆಯ, ರಬ್ಬರ್ ತೋಟಗಳಿಗೆಲ್ಲ ಬೇರು ಇಲ್ಲಿದೆ. ಆರ್ಕಿಡ್ ತೋಟಕ್ಕೆ ಮಾತ್ರ ಟಿಕೆಟ್. ಹೂವಿನ ಹುಚ್ಚು ಇದ್ದರೆ ಕೊಡಿ, ಇಲ್ಲದಿದ್ದರೆ ಒಂಬತ್ತರ ಹೊತ್ತಿಗೆ ರೈಲು ಹತ್ತಿ. ಆ ಹೊತ್ತಿಗೆ ಬೆವರು ಶುರುವಾಗಿರುತ್ತದೆ.

ಭಾರತದಿಂದ ಬಂದು ಲಿಟ್ಲ್ ಇಂಡಿಯಾ ಯಾಕೆ ನೋಡಬೇಕು?

ನ್ಯಾಯವಾದ ಪ್ರಶ್ನೆ. ನೋಡಲು ಅಂತ ಹೋಗಬೇಡಿ, ತಿಂಡಿಗೆ ಹೋಗಿ. ಸೆರಂಗೂನ್ ರಸ್ತೆಯಲ್ಲಿ 1947ರಿಂದ ನಡೆಯುತ್ತಿರುವ ಕೋಮಳ ವಿಲಾಸ್ ಇದೆ. ಇಡ್ಲಿ, ದೋಸೆ ಎಲ್ಲ ತಮಿಳು ಕೈರುಚಿ. ನಮ್ಮ ಬೆಣ್ಣೆ ದೋಸೆ ಬೇಕು ಅಂತ ಹುಡುಕಿದರೆ ಬೇಜಾರಾಗುತ್ತದೆ. ಅದಕ್ಕಿಂತ ಹತ್ತಿರದ ತೆಕ್ಕಾ ಸೆಂಟರ್ ಅನ್ನುವ ಮಾರುಕಟ್ಟೆಗೆ ಹೋಗಿ ರೋಟಿ ಪ್ರಾಟ ತಿನ್ನಿ. ತಮಿಳುನಾಡಿನ ಕಡೆಯಿಂದ ಹೋದ ಪರೋಟ ಅಲ್ಲಿ ಬೇರೆಯದೇ ರೂಪ ತಾಳಿದೆ, ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಸಸ್ಯಾಹಾರಿಗಳು ಜೊತೆಗೆ ಕೊಡುವ ಸಾರು ಯಾವುದು ಅಂತ ಮೊದಲೇ ಕೇಳಬೇಕು. ಸಾಮಾನ್ಯವಾಗಿ ಮೀನು ಅಥವಾ ಮಟನ್ ಸಾರು ಬರುತ್ತದೆ, ದಾಲ್ ಕೇಳಿದರೆ ಕೊಡುತ್ತಾರೆ.

ಇಲ್ಲಿ ಹಿಂದೆ ದನ, ಎಮ್ಮೆಗಳ ವ್ಯಾಪಾರ ಜೋರಾಗಿತ್ತು. ಬಫೆಲೋ ರೋಡ್, ಕೆರ್ಬೌ ರೋಡ್ (ಮಲಯ್ ಭಾಷೆಯಲ್ಲಿ ಕೆರ್ಬೌ ಅಂದರೆ ಎಮ್ಮೆ) ಅನ್ನುವ ಹೆಸರುಗಳು ಅದರ ಗುರುತು. ಬಣ್ಣ ಬಣ್ಣದ ಹಳೇ ಚೀನೀ ಮನೆಯೊಂದು ಅಲ್ಲೇ ಇದೆ, ತಾನ್ ತೆಂಗ್ ನಿಯಾ ಎಂಬ ವ್ಯಾಪಾರಿಯದ್ದು. ಫೋಟೋಗೆ ಎಲ್ಲರೂ ಅಲ್ಲಿ ನಿಲ್ಲುತ್ತಾರೆ. ಹತ್ತಿರದ ವೀರಮಾಕಾಳಿ ಅಮ್ಮನ ಗುಡಿಗೆ ಹೋಗುವುದಿದ್ದರೆ ಮಧ್ಯಾಹ್ನದ ಒಳಗೆ ಹೋಗಿ. ನಮ್ಮೂರಿನ ಹಾಗೆ ಅಲ್ಲೂ ಮಧ್ಯಾಹ್ನ ಬಾಗಿಲು ಹಾಕುತ್ತಾರೆ.

ಭಾಷೆಯ ತೊಂದರೆ ಆಗುತ್ತಾ? ಕನ್ನಡದವರು ಸಿಗುತ್ತಾರಾ?

ಇಂಗ್ಲಿಷ್ ಎಲ್ಲ ಕಡೆ ನಡೆಯುತ್ತದೆ. ಇಂಗ್ಲಿಷ್, ಮಲಯ್, ಚೀನೀ ಜೊತೆ ತಮಿಳೂ ಅಲ್ಲಿ ಅಧಿಕೃತ ಭಾಷೆ, ಸ್ವಲ್ಪ ತಮಿಳು ಬಂದರೆ ಲಿಟ್ಲ್ ಇಂಡಿಯಾದಲ್ಲಿ ಆರಾಮ. ಕನ್ನಡದವರು ತುಂಬಾ ಜನ ಕೆಲಸದ ಮೇಲೆ ನೆಲೆಸಿದ್ದಾರೆ, ಕನ್ನಡ ಸಂಘವೂ ಇದೆ. ರೈಲಿನಲ್ಲಿ ಕನ್ನಡದಲ್ಲಿ ಯಾರನ್ನಾದರೂ ಆಡಿಕೊಳ್ಳುವಾಗ ಹುಷಾರು.

ಹಾಕರ್ ಸೆಂಟರ್ ಅಂದರೆ ಏನು? ಬೀದಿ ಊಟ ತಿಂದು ಹೊಟ್ಟೆ ಕೆಡಲ್ವಾ?

ಒಂದೇ ಸೂರಿನಡಿ ಸಣ್ಣ ಸಣ್ಣ ಊಟದ ಅಂಗಡಿಗಳು ಸಾಲಾಗಿರುವ ಜಾಗ ಅದು. ಒಂದು ಕಾಲಕ್ಕೆ ಈ ಅಂಗಡಿಯವರೆಲ್ಲ ರಸ್ತೆ ಬದಿಯಲ್ಲಿ ಗಾಡಿ ಇಟ್ಟುಕೊಂಡು ಮಾರುತ್ತಿದ್ದವರು. 1960ರ ದಶಕದ ಕೊನೆಯಲ್ಲಿ ಸರ್ಕಾರ ಅವರ ಹೆಸರುಗಳನ್ನು ನೋಂದಾಯಿಸಿಕೊಂಡಿತು. 70, 80ರ ದಶಕಗಳಲ್ಲಿ ನಲ್ಲಿ ನೀರು, ಚರಂಡಿ, ವಿದ್ಯುತ್ ಇರುವ ಕಟ್ಟಡಗಳನ್ನು ಕಟ್ಟಿ ಅವರನ್ನು ಅಲ್ಲಿಗೆ ಸ್ಥಳಾಂತರಿಸಿತು. ಬೀದಿಯಿಂದ ಓಡಿಸಿ ಕೈತೊಳೆದುಕೊಳ್ಳಲಿಲ್ಲ, ಅದು ಮುಖ್ಯ. ಇವತ್ತು ಊರಿನ ತುಂಬ ಇಂಥ ನೂರಕ್ಕೂ ಹೆಚ್ಚು ಸೆಂಟರುಗಳಿವೆ. 2020ರಲ್ಲಿ ಈ ಹಾಕರ್ ಸಂಸ್ಕೃತಿಯನ್ನು ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. 2016ರಲ್ಲಿ ಇಂಥ ಎರಡು ಅಂಗಡಿಗಳಿಗೆ ದೊಡ್ಡ ರೆಸ್ಟೊರೆಂಟುಗಳೇ ಹಂಬಲಿಸುವ ಮಿಶೆಲಿನ್ ಸ್ಟಾರ್ ಎಂಬ ಮನ್ನಣೆ ಬಂದಾಗ ಜಗತ್ತಿಗೆಲ್ಲ ಸುದ್ದಿಯಾಯಿತು.

ಪ್ರತಿ ಅಂಗಡಿಯವರೂ ಒಂದೋ ಎರಡೋ ತಿನಿಸು ಮಾತ್ರ ಮಾಡುತ್ತಾರೆ. ದಿನಾ ಅದನ್ನೇ ಮಾಡಿ ಮಾಡಿ ಕೈ ಪಳಗಿರುತ್ತದೆ. ಸ್ವಚ್ಛತೆಯ ತಪಾಸಣೆಯೂ ಇರುತ್ತದೆ. ಹೊಟ್ಟೆ ಕೆಟ್ಟರೆ ಊಟದಿಂದಲ್ಲ, ಸಿಕ್ಕಿದ್ದನ್ನೆಲ್ಲ ಒಂದೇ ಸಲ ತುಂಬಿಕೊಂಡಿದ್ದರಿಂದ. ಇಬ್ಬರು ಹೋದರೆ ಒಂದೊಂದು ಪ್ಲೇಟ್ ತಗೊಂಡು ಹಂಚಿಕೊಳ್ಳಿ. ದಿನದಲ್ಲಿ ಆರೇಳು ಬಗೆ ರುಚಿ ನೋಡಬಹುದು. ನನ್ನ ಮಟ್ಟಿಗೆ ಸಿಂಗಪುರದಲ್ಲಿ ನೋಡಲೇಬೇಕಾದ ಜಾಗ ಅಂದರೆ ಇದೇ. ಮಿಕ್ಕಿದ್ದೆಲ್ಲ ಎರಡು ಊಟದ ನಡುವಿನ ವಾಕಿಂಗು.

ಟೇಬಲ್ ಖಾಲಿ ಇದೆ, ಆದರೆ ಮೇಲೆ ಟಿಶ್ಯೂ ಪ್ಯಾಕೆಟ್ ಬಿದ್ದಿದೆ. ತೆಗೆದು ಕೂರಬಹುದಾ?

ಅಯ್ಯೋ, ಬೇಡ! ಅದು ನಮ್ಮ ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕಿದ ಹಾಗೆ. ಅದಕ್ಕೆ ಅಲ್ಲಿ ‘ಚೋಪ್’ ಮಾಡುವುದು ಅನ್ನುತ್ತಾರೆ. ಟಿಶ್ಯೂ, ಛತ್ರಿ, ಕೆಲವೊಮ್ಮೆ ಆಫೀಸಿನ ಐಡಿ ಕಾರ್ಡ್ ಕೂಡ ಇಟ್ಟು ಹೋಗಿರುತ್ತಾರೆ. ಕಾನೂನೇನೂ ಇಲ್ಲ, ಆದರೆ ಎಲ್ಲರೂ ಪಾಲಿಸುತ್ತಾರೆ. ನೀವೂ ಒಂದು ಟಿಶ್ಯೂ ಪ್ಯಾಕೆಟ್ ಜೇಬಿನಲ್ಲಿಡಿ. ಸೆಂಟರಿನಲ್ಲಿ ಪುಕ್ಕಟೆ ಟಿಶ್ಯೂ ಸಿಗುವುದಿಲ್ಲ, ಕೈ ಒರೆಸಲೂ ಬೇಕಾಗುತ್ತದೆ.

ಸಾಲಿನಲ್ಲಿ ನಿಂತು, ಹಣ ಕೊಟ್ಟು, ತಟ್ಟೆ ನೀವೇ ತರಬೇಕು. ಅಂಗಡಿಯವರನ್ನು ಅಂಕಲ್, ಆಂಟಿ ಅಂತಲೇ ಕರೆಯುವುದು, ಅಲ್ಲಿಯವರೂ ಹಾಗೇ ಕರೆಯುತ್ತಾರೆ. ಊಟ ಆದ ಮೇಲೆ ಟ್ರೇಯನ್ನು ವಾಪಸ್ ಇಡುವ ಜಾಗದಲ್ಲೇ ಇಡಬೇಕು. 2021ರಿಂದ ಇದು ಕಡ್ಡಾಯ. ಮೊದಲ ಸಲ ಎಚ್ಚರಿಕೆ, ಮತ್ತೆ ಸಿಕ್ಕಿಬಿದ್ದರೆ ದಂಡ. ಹಲಾಲ್ ಟ್ರೇಗಳಿಗೆ ಬೇರೆ ಕಪಾಟು ಇರುತ್ತದೆ, ಬೋರ್ಡ್ ನೋಡಿ ಇಡಿ.

ನಾವು ಪಕ್ಕಾ ಸಸ್ಯಾಹಾರಿಗಳು. ಮೂರು ಹೊತ್ತೂ ದೋಸೆಯೇ ಗತಿಯಾ?

ಇಲ್ಲವೇ ಇಲ್ಲ. ಚೀನೀ ಬೌದ್ಧರ ಸಸ್ಯಾಹಾರ ಅಂತ ಒಂದು ದೊಡ್ಡ ಲೋಕವೇ ಅಲ್ಲಿದೆ, ನಮ್ಮವರು ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಸಂಪ್ರದಾಯದ ಪ್ರಕಾರ ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿ ಕೂಡ ಇರುವುದಿಲ್ಲ. ಮನೆಯಲ್ಲಿ ಅಜ್ಜಿ ಇವೆರಡೂ ಮುಟ್ಟದವರಾದರೆ ಅವರಿಗೂ ನಡೆಯುತ್ತದೆ. ಆದರೂ ಒಂದು ಮಾತು ಕೇಳಿಕೊಳ್ಳಿ, ಮೊಟ್ಟೆ ಹಾಕುವವರಿದ್ದಾರೆ. ಅಂಗಡಿಯ ಗಾಜಿನ ಹಿಂದೆ ಬಾತುಕೋಳಿಯ ತುಂಡಿನ ಹಾಗೆ, ಮೀನಿನ ಹಾಗೆ ಕಾಣುವುದನ್ನು ನೋಡಿ ಓಡಬೇಡಿ. ಅದು ಸೋಯಾ, ಗೋಧಿಯ ಅಂಟು, ಅಣಬೆಯಿಂದ ಮಾಡಿದ್ದು.

ಬೂಗಿಸ್ ಮತ್ತು ರೋಚೋರ್ ಸ್ಟೇಷನ್ನುಗಳ ಹತ್ತಿರ, ಮಿಡಲ್ ರೋಡಿನಲ್ಲಿ ಫಾರ್ಚೂನ್ ಸೆಂಟರ್ ಅನ್ನುವ ಹಳೇ ಕಟ್ಟಡವಿದೆ. ನೋಡಲು ಏನೂ ಇಲ್ಲ, ಒಳಗೆ ಮಾತ್ರ ಸಸ್ಯಾಹಾರಿ ಅಂಗಡಿಗಳು ಸಾಲಾಗಿವೆ. ಹಾಕರ್ ಸೆಂಟರುಗಳಲ್ಲಿ ಬೆಳಗಿನ ಹೊತ್ತು ವೆಜಿಟೇರಿಯನ್ ಬೀ ಹೂನ್ ಸಿಗುತ್ತದೆ, ಅಂದರೆ ಅಕ್ಕಿ ಶಾವಿಗೆಯ ಒಗ್ಗರಣೆ, ಮೇಲೆ ಗರಿಗರಿ ಸೋಯಾ ಹಾಳೆ. ಸಿಹಿಗೆ ಚೆಂಡೋಲ್ ತಗೊಳ್ಳಿ: ತೆಂಗಿನ ಹಾಲು, ಪಾಂಡನ್ ಎಲೆಯ ಹಸಿರು ಎಳೆಗಳು, ಐಸು, ಮೇಲೆ ತಾಳೆಬೆಲ್ಲದ ಪಾಕ. ಕರಾವಳಿಯವರಿಗೆ ಇದು ಹೊಸದು ಅನ್ನಿಸುವುದೇ ಇಲ್ಲ.

ಮೋಸ ಹೋಗುವ ಜಾಗಗಳೂ ಇವೆ. ಚಿಕನ್ ರೈಸಿನ ಅನ್ನ ಬೆಳ್ಳಗೆ ಸಾದಾ ಕಾಣುತ್ತದೆ, ಆದರೆ ಅದು ಬೆಂದಿರುವುದು ಕೋಳಿಯ ಸಾರಿನಲ್ಲಿ. ಲಕ್ಸಾ ಅನ್ನುವ ತೆಂಗಿನ ಹಾಲಿನ ನೂಡಲ್ಸ್ ಸಾರಿನಲ್ಲಿ ಒಣ ಸಿಗಡಿ ಅರೆದಿರುತ್ತಾರೆ. ರೊಜಾಕ್ ಅಂತ ಹಣ್ಣು ತರಕಾರಿ ಕಲಸಿ ಕೊಡುತ್ತಾರಲ್ಲ, ಅದರ ಕಪ್ಪು ಸಾಸಿನಲ್ಲೂ ಸಿಗಡಿ. ಟೋಸ್ಟಿಗೆ ಸವರುವ ಕಾಯಾ ಜಾಮಿನಲ್ಲಿ ತೆಂಗಿನ ಹಾಲಿನ ಜೊತೆ ಮೊಟ್ಟೆ ಇದೆ. ‘ನೋ ಮೀಟ್’ ಅಂದರೆ ಸಾಲದು. ‘ನೋ ಫಿಶ್, ನೋ ಪ್ರಾನ್, ನೋ ಎಗ್’ ಅಂತ ಬಿಡಿಸಿ ಹೇಳಿ.

ಮಾಂಸಾಹಾರಿಗಳು ಏನು ತಿನ್ನಬೇಕು?

ಹೈನಾನ್ ಚಿಕನ್ ರೈಸ್ ಮೊದಲು. ಬೇಯಿಸಿದ ಕೋಳಿ, ಶುಂಠಿ, ಖಾರದ ಚಟ್ನಿ, ಆ ಅನ್ನ. ಮೊದಲ ತುತ್ತಿಗೆ ಸಪ್ಪೆ ಅನ್ನಿಸಬಹುದು, ಚಟ್ನಿ ಜೊತೆ ತಿಂದರೆ ಗೊತ್ತಾಗುತ್ತದೆ. ಮ್ಯಾಕ್ಸ್‌ವೆಲ್ ಫುಡ್ ಸೆಂಟರಿನ ತಿಯಾನ್ ತಿಯಾನ್ ಹೆಸರುವಾಸಿ, ಸಾಲೂ ಅಷ್ಟೇ ಉದ್ದ. ಸಾಲು ನೋಡಿ ಸುಸ್ತಾದರೆ ಪಕ್ಕದ ಅಂಗಡಿಯಲ್ಲಿ ತಿನ್ನಿ, ಪ್ರಳಯವೇನೂ ಆಗುವುದಿಲ್ಲ. ಆಮೇಲೆ ಲಕ್ಸಾ, ಸಿಗಡಿ ಹಾಕಿದ ಹೊಕ್ಕಿಯೆನ್ ಮೀ ಅನ್ನುವ ನೂಡಲ್ಸ್. ಕ್ಯಾರಟ್ ಕೇಕ್ ಅನ್ನುವುದು ಕೇಕೂ ಅಲ್ಲ, ಕ್ಯಾರಟ್ಟೂ ಇಲ್ಲ. ಮೂಲಂಗಿ, ಅಕ್ಕಿಹಿಟ್ಟಿನ ಗಟ್ಟಿಯನ್ನು ಮೊಟ್ಟೆ ಹಾಕಿ ಹುರಿದದ್ದು. ಮೀನಿನ ತಲೆ ಸಾರು ಕೂಡ ಈ ಊರಿನದೇ ಸೃಷ್ಟಿ. ಕೇರಳ ಮೂಲದ ಅಡುಗೆಯವರು ಚೀನೀ ಗಿರಾಕಿಗಳ ರುಚಿ ನೋಡಿ ಮಾಡಿದ್ದು.

ಹಂದಿ, ದನ ತಿನ್ನದವರು ಅಂಗಡಿಯಲ್ಲಿ ಕೇಳಿಯೇ ತಗೊಳ್ಳಿ. ಚಾರ್ ಕ್ವೇ ತ್ಯಾವ್‌ನಂಥ ಹುರಿದ ನೂಡಲ್ಸಿಗೆ ಹಂದಿ ಕೊಬ್ಬು ಬಳಸುವ ರೂಢಿ ಇದೆ.

ಫಿಲ್ಟರ್ ಕಾಫಿ ಇಲ್ಲದೆ ದಿನ ಕಳೆಯೋದು ಹೇಗೆ?

ಅಲ್ಲಿನ ‘ಕೋಪಿ’ ಕುಡಿದು ನೋಡಿ. ರೊಬಸ್ಟಾ ಬೀಜವನ್ನು ಸಕ್ಕರೆ, ಬೆಣ್ಣೆ ಅಥವಾ ಮಾರ್ಗರಿನ್ ಹಾಕಿ ಕಪ್ಪಗೆ ಹುರಿದು, ಉದ್ದದ ಬಟ್ಟೆ ಚೀಲದಲ್ಲಿ ಸೋಸುತ್ತಾರೆ. ಗಟ್ಟಿ ಕಾಫಿ ಇಷ್ಟಪಡುವ ಮಂದಿಗೆ ಬೇಗ ಒಗ್ಗುತ್ತದೆ. ಸುಮ್ನೆ ಕೋಪಿ ಅಂದರೆ ಕಂಡೆನ್ಸ್ಡ್ ಹಾಲು ಹಾಕಿ ಸಿಹಿಯಾಗಿ ಕೊಡುತ್ತಾರೆ. ‘ಕೋಪಿ ಓ’ ಅಂದರೆ ಹಾಲಿಲ್ಲದ್ದು, ಸಕ್ಕರೆ ಇರುತ್ತದೆ. ‘ಕೋಪಿ ಸಿ’ ಅಂದರೆ ಇವಾಪೊರೇಟೆಡ್ ಹಾಲು. ನಮ್ಮ ನಾಲಿಗೆಗೆ ಹೊಂದುವುದು ಇದೇ. ಸಕ್ಕರೆ ಕಮ್ಮಿಗೆ ‘ಸ್ಯೂ ದಾಯ್’, ಸಕ್ಕರೆ ಬೇಡವೇ ಬೇಡ ಅಂದರೆ ‘ಕೊಸೊಂಗ್’, ಐಸ್ ಹಾಕಿಸಲು ‘ಪೆಂಗ್’, ಸ್ಟ್ರಾಂಗ್ ಬೇಕಾದರೆ ‘ಗಾವ್’. ಸಕ್ಕರೆ ಕಾಯಿಲೆ ಇರುವವರು ‘ಕೋಪಿ ಸಿ ಕೊಸೊಂಗ್’ ಅಂತ ಬಾಯಿಪಾಠ ಮಾಡಿಕೊಂಡು ಹೋಗಿ. ಚಹಾಕ್ಕೂ ಇದೇ ಬಾಲಗಳು, ಕೋಪಿ ಜಾಗದಲ್ಲಿ ‘ತೆ’ ಅಂದರಾಯಿತು.

ಬೂಗಿಸ್ ಸುತ್ತ ಏನಿದೆ?

ವಾಟರ್‌ಲೂ ಸ್ಟ್ರೀಟ್ ತಪ್ಪಿಸಬೇಡಿ. ಅಲ್ಲಿ ಚೀನೀಯರ ಗ್ವಾನ್ ಯಿನ್ ದೇವಿಯ ಗುಡಿ, ಪಕ್ಕದಲ್ಲೇ 1870ರಲ್ಲಿ ಶುರುವಾದ ಶ್ರೀಕೃಷ್ಣನ ಗುಡಿ. ದೇವಿಗೆ ಕೈ ಮುಗಿದ ಚೀನೀ ಭಕ್ತರು ಹಾಗೇ ಕೃಷ್ಣನ ಗುಡಿಯ ಮುಂದೆಯೂ ಊದುಬತ್ತಿ ಹಚ್ಚುತ್ತಾರೆ. ಯಾರೂ ಅದನ್ನು ವಿಶೇಷ ಅಂದುಕೊಳ್ಳುವುದಿಲ್ಲ. ಅಲ್ಲಿಂದ ಸ್ವಲ್ಪ ನಡೆದರೆ ಕಂಪೊಂಗ್ ಗ್ಲಾಮ್, ಮಲಯ್ ಮುಸ್ಲಿಮರ ಹಳೇ ಬೀದಿ. ಸುಲ್ತಾನ್ ಮಸೀದಿಯ ಈಗಿನ ಕಟ್ಟಡ 1932ರದ್ದು. ಚಿನ್ನದ ಬಣ್ಣದ ಗುಮ್ಮಟದ ಬುಡದಲ್ಲಿ ಕಪ್ಪು ಪಟ್ಟಿ ಕಾಣುತ್ತದಲ್ಲ, ಹತ್ತಿರದಿಂದ ನೋಡಿ. ಅದು ಗಾಜಿನ ಬಾಟಲಿಗಳ ತಳ. ಹಣ ಕೊಡಲಾಗದ ಬಡವರೂ ಕಟ್ಟಡಕ್ಕೆ ಕೈಜೋಡಿಸಲಿ ಅಂತ ಅವರಿಂದ ಬಾಟಲಿಗಳನ್ನು ಪಡೆದರಂತೆ. ಪ್ರಾರ್ಥನೆಯ ಹೊತ್ತಿನಲ್ಲಿ, ಅದರಲ್ಲೂ ಶುಕ್ರವಾರ ಮಧ್ಯಾಹ್ನ, ಪ್ರವಾಸಿಗರನ್ನು ಒಳಗೆ ಬಿಡುವುದಿಲ್ಲ. ಪಕ್ಕದ ಹಾಜಿ ಲೇನ್ ಫೋಟೋ ಗಲ್ಲಿ, ಹತ್ತು ನಿಮಿಷ ಸಾಕು.

ಚೈನಾಟೌನಿನಲ್ಲಿ ಊಟ ಬಿಟ್ಟು?

ಸೌತ್ ಬ್ರಿಡ್ಜ್ ರೋಡ್ ಒಂದನ್ನೇ ನಡೆಯಿರಿ. 1827ರಲ್ಲಿ ನಾರಾಯಣ ಪಿಳ್ಳೆ ಎಂಬವರು ಕಟ್ಟಿಸಿದ ಮಾರಿಯಮ್ಮನ ಗುಡಿ ಊರಿನ ಅತಿ ಹಳೆಯ ಹಿಂದೂ ದೇವಾಲಯ. ಚೈನಾಟೌನಿನ ನಟ್ಟನಡುವೆ ದ್ರಾವಿಡ ಗೋಪುರ! ದೀಪಾವಳಿಗೆ ಮುಂಚೆ ಇಲ್ಲಿ ಕೆಂಡ ಹಾಯುತ್ತಾರೆ. ಅದೇ ರಸ್ತೆಯಲ್ಲಿ ಜಾಮೆ ಮಸೀದಿ, ಮುಂದೆ ಬುದ್ಧನ ದಂತದ ಗುಡಿ. ಈ ಗುಡಿ ಹಳೆಯದರ ಹಾಗೆ ಕಾಣುತ್ತದೆ, ಕಟ್ಟಿ ಮುಗಿಸಿದ್ದು 2007ರಲ್ಲಿ. ಅದರ ಎದುರೇ ಮ್ಯಾಕ್ಸ್‌ವೆಲ್.

ಮಧ್ಯಾಹ್ನದ ಸೆಕೆ ತಡೆಯಲಾಗುವುದಿಲ್ಲ. ಏನು ಮಾಡಲಿ?

ಎರಡರಿಂದ ನಾಲ್ಕೂವರೆ ತನಕ ಹೊರಗೆ ಅಲೆಯಬೇಡಿ. ರೂಮಿದ್ದರೆ ಮಲಗಿ. ಇಲ್ಲದಿದ್ದರೆ ಹಳೇ ಸುಪ್ರೀಂ ಕೋರ್ಟ್ ಕಟ್ಟಡದಲ್ಲಿರುವ ನ್ಯಾಷನಲ್ ಗ್ಯಾಲರಿಯ ಎಸಿಯಲ್ಲಿ ಕಾಲ ಕಳೆಯಿರಿ. ಮಳೆ ಯಾವ ತಿಂಗಳಾದರೂ ಬರಬಹುದು, ನವೆಂಬರಿನಿಂದ ಜನವರಿ ತನಕ ಜಾಸ್ತಿ. ಛತ್ರಿ ಇರಲಿ. ನಲ್ಲಿ ನೀರು ಕುಡಿಯಲು ಯೋಗ್ಯ, ಬಾಟಲಿ ತುಂಬಿಸಿಕೊಂಡರೆ ಸಾಕು.

ಮರೀನಾ ಬೇ ಸ್ಯಾಂಡ್ಸ್ ಮೇಲೆ ಹತ್ತಬೇಕಾ?

ನನಗೆ ಕೇಳಿದರೆ ಬೇಡ. ಮೂರು ಗೋಪುರದ ಮೇಲೆ ಹಡಗು ಕೂರಿಸಿದಂಥ ಕಟ್ಟಡ ಅದು. ಅದರ ಮೇಲೆ ನಿಂತರೆ ಅದೇ ಕಾಣುವುದಿಲ್ಲವಲ್ಲ! ಎದುರು ದಡದ ಮರ್ಲಯನ್ ಹತ್ತಿರ ನಿಂತು ನೋಡಿ, ಪುಕ್ಕಟೆ. ಸಿಂಹದ ತಲೆ, ಮೀನಿನ ಮೈಯ ಈ ಮರ್ಲಯನ್ ಪುರಾಣದ್ದಲ್ಲ. 1964ರಲ್ಲಿ ಪ್ರವಾಸೋದ್ಯಮ ಮಂಡಳಿಗಾಗಿ ಬರೆದ ಲಾಂಛನ. 8.6 ಮೀಟರ್ ಎತ್ತರದ ಮೂರ್ತಿ ಬಂದಿದ್ದು 1972ರಲ್ಲಿ.

ಸಂಜೆ ಬೇಫ್ರಂಟಿನಿಂದ ಗಾರ್ಡನ್ಸ್ ಬೈ ದ ಬೇಗೆ ನಡೆದು ಹೋಗಿ. ಸೂಪರ್‌ಟ್ರೀ ಅನ್ನುವ ಉಕ್ಕಿನ ಮರಗಳ ಬೆಳಕಿನಾಟ ರಾತ್ರಿ 7:45ಕ್ಕೆ ಒಮ್ಮೆ, 8:45ಕ್ಕೆ ಒಮ್ಮೆ. ನೆಲದ ಮೇಲೆ ಅಂಗಾತ ಮಲಗಿ ನೋಡುವುದೇ ಅಲ್ಲಿನ ಪದ್ಧತಿ, ಸಂಕೋಚ ಬೇಡ. 7:45ರದ್ದು ನೋಡಿದರೆ ಒಂಬತ್ತಕ್ಕೆ ಮರೀನಾ ಬೇ ಸ್ಯಾಂಡ್ಸ್ ಮುಂದಿನ ಕಾರಂಜಿಯ ಪ್ರದರ್ಶನವೂ ಸಿಗುತ್ತದೆ. ಎರಡಕ್ಕೂ ಹಣವಿಲ್ಲ. ಗಾರ್ಡನ್ಸ್ ಬೈ ದ ಬೇ ಒಳಗಿನ ಗಾಜಿನ ಮನೆಗಳಿಗೆ ಟಿಕೆಟ್ ಇದೆ. ಒಂದನ್ನೇ ನೋಡುವುದಾದರೆ 35 ಮೀಟರ್ ಜಲಪಾತ ಇರುವ ಕ್ಲೌಡ್ ಫಾರೆಸ್ಟ್ ನೋಡಿ. ಆದರೆ ಆಗುಂಬೆ, ಜೋಗ ಕಂಡವರು ಬಿಟ್ಟರೂ ನಷ್ಟವಿಲ್ಲ.

ದಂಡ ಹಾಕುತ್ತಾರೆ ಅಂತಾರೆ, ನಿಜಾನಾ?

ನಿಜ. ರೈಲಿನಲ್ಲಿ ತಿನ್ನುವ, ನೀರು ಕುಡಿಯುವ ಹಾಗೂ ಇಲ್ಲ. ಚೂಯಿಂಗ್ ಗಮ್ ತರುವುದು, ಮಾರುವುದು 1992ರಿಂದ ನಿಷೇಧ. ವೇಪ್ ಸಿಗರೇಟು ಬ್ಯಾಗಿನಲ್ಲಿದ್ದರೂ ಅಪರಾಧ. ಗುಟ್ಕಾ, ಅಗಿಯುವ ಹೊಗೆಸೊಪ್ಪು ಯಾವುದನ್ನೂ ಒಯ್ಯಬೇಡಿ, ಇದನ್ನು ನಮ್ಮವರಿಗೆ ಒತ್ತಿ ಹೇಳಬೇಕು. ರಾತ್ರಿ 10:30ರ ಮೇಲೆ ಸಾರ್ವಜನಿಕ ಜಾಗದಲ್ಲಿ ಮದ್ಯ ಕುಡಿಯುವಂತಿಲ್ಲ.

ದುರಿಯನ್ ತಿನ್ನಬಹುದಾ?

ಹಲಸಿನ ಹಣ್ಣಿನ ವಾಸನೆಗೆ ಮೂಗು ಮುಚ್ಚಿಕೊಳ್ಳುವವರು ಹತ್ತಿರ ಹೋಗಬೇಡಿ. ಉಳಿದವರು ಅಂಗಡಿಯಲ್ಲೇ ಕೂತು ಒಂದು ತೊಳೆ ತಿಂದು ನೋಡಿ. ರೈಲಿಗೆ ತರುವ ಹಾಗಿಲ್ಲ, ಹೋಟೆಲ್ ರೂಮಿಗೂ ಬಿಡುವುದಿಲ್ಲ.

ಎಷ್ಟು ಖರ್ಚಾಗುತ್ತದೆ?

ಹಾಕರ್ ಸೆಂಟರಿನಲ್ಲಿ ಒಂದು ಊಟಕ್ಕೆ ಸುಮಾರು ಐದರಿಂದ ಎಂಟು ಸಿಂಗಪುರ ಡಾಲರ್. ಕೋಪಿ ಎರಡು ಡಾಲರಿನ ಒಳಗೆ ಬರುವುದೇ ಜಾಸ್ತಿ. ರೆಸ್ಟೊರೆಂಟಿನ ಮೆನುವಿನಲ್ಲಿ ಬೆಲೆಯ ಮುಂದೆ ಎರಡು ಪ್ಲಸ್ ಗುರುತು ಕಂಡರೆ ಮೇಲೆ ಹತ್ತು ಪರ್ಸೆಂಟ್ ಸರ್ವಿಸ್ ಚಾರ್ಜ್, ಒಂಬತ್ತು ಪರ್ಸೆಂಟ್ ಜಿಎಸ್‌ಟಿ ಸೇರುತ್ತದೆ. ಟಿಪ್ಸ್ ಕೊಡುವ ರೂಢಿ ಇಲ್ಲ. ಹಾಕರ್ ಅಂಗಡಿಗಳಲ್ಲಿ ಕಾರ್ಡ್ ನಡೆಯದೇ ಇರಬಹುದು, ಸಣ್ಣ ನೋಟುಗಳು ಕೈಯಲ್ಲಿರಲಿ.

ವಯಸ್ಸಾದ ಅಪ್ಪ ಅಮ್ಮ, ಚಿಕ್ಕ ಮಕ್ಕಳ ಜೊತೆ ಇಷ್ಟೆಲ್ಲ ಆಗುತ್ತಾ?

ಎಲ್ಲಾ ಸ್ಟೇಷನ್ನಿನಲ್ಲೂ ಲಿಫ್ಟ್ ಇದೆ. ಆದರೆ ಸ್ಟೇಷನ್ ಒಳಗಿನ ನಡಿಗೆಯೇ ಉದ್ದ. ಅವರಿಗೆ ಬೆಳಗಿನ ತೋಟ ಅಥವಾ ಕಂಪೊಂಗ್ ಗ್ಲಾಮ್, ಎರಡರಲ್ಲಿ ಒಂದನ್ನು ಕೈಬಿಡಿ. ಗಾರ್ಡನ್ಸ್ ಬೈ ದ ಬೇಯಲ್ಲಿ ಮಕ್ಕಳಿಗೆ ಪುಕ್ಕಟೆ ನೀರಾಟದ ಜಾಗವಿದೆ, ಒಂದು ಜೊತೆ ಬಟ್ಟೆ ಜಾಸ್ತಿ ಇಟ್ಟುಕೊಳ್ಳಿ.

ರಾತ್ರಿ ಊಟ ಎಲ್ಲಿ? ಕೊನೇ ರೈಲು ಎಷ್ಟಕ್ಕೆ?

ಬೇಫ್ರಂಟಿನಿಂದ ಎರಡೇ ಸ್ಟಾಪ್, ತೆಲೊಕ್ ಆಯೆರ್. ಅಲ್ಲಿ ಲಾವ್ ಪಾ ಸಾತ್. ಎಂಟು ಮೂಲೆಯ ಈ ಮಾರುಕಟ್ಟೆಯ ಎರಕದ ಕಬ್ಬಿಣದ ಕಂಬಗಳು ಗ್ಲಾಸ್ಗೋದಿಂದ ಹಡಗಿನಲ್ಲಿ ಬಂದವು, ಕಟ್ಟಿದ್ದು 1894ರಲ್ಲಿ. ಸಂಜೆಯಾದ ಮೇಲೆ ಪಕ್ಕದ ಬೂನ್ ತಾತ್ ಸ್ಟ್ರೀಟಿನಲ್ಲಿ ವಾಹನ ನಿಲ್ಲಿಸಿ, ಟೇಬಲ್ ಹಾಕಿ, ಇದ್ದಿಲ ಒಲೆಯ ಮೇಲೆ ಸಾಟೆ ಸುಡುತ್ತಾರೆ. ಕೋಳಿ, ಮಟನ್ ಕಡ್ಡಿಗಳು, ಜೊತೆಗೆ ಕಡಲೆಕಾಯಿ ಗೊಜ್ಜು. ಸಸ್ಯಾಹಾರಿಗಳಿಗೆ ಒಳಗಡೆ ಭಾರತೀಯ ಅಂಗಡಿಗಳಿವೆ, ಹೊಗೆ ಬಡಿಯದ ಮೂಲೆ ನೋಡಿ ಕೂರಲಿ.

ರೈಲುಗಳು ಮಧ್ಯರಾತ್ರಿಯ ಹೊತ್ತಿಗೆ ನಿಲ್ಲುತ್ತವೆ. ವಿಮಾನ ನಿಲ್ದಾಣಕ್ಕೆ ಹೋಗುವವರು ಹನ್ನೊಂದರ ಒಳಗೆ ಹತ್ತಿ. ಮಧ್ಯರಾತ್ರಿ ದಾಟಿದ ಮೇಲೆ ಟ್ಯಾಕ್ಸಿ ಮೀಟರಿಗೆ ಅರ್ಧದಷ್ಟು ಹೆಚ್ಚುವರಿ ದರ ಬೀಳುತ್ತದೆ. ಬೇಗ ತಲುಪಿದರೆ ನಿಲ್ದಾಣಕ್ಕೆ ಅಂಟಿಕೊಂಡ ಜ್ಯೂವೆಲ್ ಮಾಲ್‌ನ 40 ಮೀಟರ್ ಎತ್ತರದ ಒಳಾಂಗಣ ಜಲಪಾತ ನೋಡಬಹುದು. ಅದು ಇಮಿಗ್ರೇಷನ್‌ಗೆ ಮೊದಲೇ ಸಿಗುವ ಜಾಗ, ಒಳಗೆ ಹೋದ ಮೇಲೆ ಹೊರಗೆ ಬರುವ ಹಾಗಿಲ್ಲ. ಆದ್ದರಿಂದ ಇಮಿಗ್ರೇಷನ್ ದಾಟುವ ಮುಂಚೆಯೇ ಆ ಕಡೆ ಹೋಗಿ ಬನ್ನಿ.